ಇಪ್ಪತ್ತನೇ ರಾತ್ರಿ

ಡುಲೂತ್. ಚರ್ಚಿನ ನೆಲಮಾಳಿಗೆ, ಮಡಚುವ ಕುರ್ಚಿಗಳು.
ಬ್ಯಾಡ್ಜಿಗೆ ಬೇಕು, ಟೆಂಟಿನಲ್ಲಿ ನಿದ್ದೆ ಮಾಡಿದ ಇಪ್ಪತ್ತು ರಾತ್ರಿ.
ಆರ್ವಿಡ್ ಎಣಿಸಿದ್ದು ಹತ್ತೊಂಬತ್ತು.

"ಇಪ್ಪತ್ತಿದೆಯಲ್ಲೋ," ಲಾಗ್‌ಬುಕ್ಕು ತಿರುವಿ ಹಾಕಿದರು ಹೌಗೆನ್.
"ಜುಲೈ ಒಂಬತ್ತು ಬೇಡ ಸರ್.
ಹೊರಗೆ ಕರಡಿ ಮೂಸುತ್ತಿತ್ತು. ನಿದ್ದೆ ಬರಲಿಲ್ಲ."

ಯಾರೂ ನಗಲಿಲ್ಲ; ನಕ್ಕಿದ್ದರೆ ಚೆನ್ನಿತ್ತು.
ಕಾಫಿ ಆರಿತು. ನಿಯಮದ ಪುಸ್ತಕ
ಕೈಯಿಂದ ಕೈಗೆ, ಕನ್ನಡಕದಿಂದ ಕನ್ನಡಕಕ್ಕೆ.
ಕರಡಿಯ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ.

ನನ್ನ ಸರದಿ ಬಂದಾಗ ಹೇಳಿದೆ:
ನಮ್ಮ ಭಾಷೆಯಲ್ಲಿ ಮಲಗುವುದು ಬೇರೆ,
ನಿದ್ದೆ ಬರುವುದು ಬೇರೆ.
ಮಲಗುವುದಷ್ಟೇ ನಮ್ಮ ಕೈಯಲ್ಲಿದೆ.

"ಮಲಗಲೂ ಇಲ್ಲ ಮೇಡಂ," ಅಂದ ಆರ್ವಿಡ್.
"ಕೂತಿದ್ದೆ, ಟೆಂಟಿನ ಜಿಪ್ಪಿಗೆ ಬೆನ್ನು ಕೊಟ್ಟು.
ವೆಂಡೆಲ್ ಪುಟ್ಟವನು, ಗೊರಕೆ ಹೊಡೆಯುತ್ತಿದ್ದ.
ಅವನ ಲೆಕ್ಕಕ್ಕೆ ಬರೆದುಕೊಳ್ಳಿ."