ಎರಡಿಂಚು

ಸಾನ್ ಅಮಾರೊ ಗ್ರಂಥಾಲಯದ ಹಿಂದಿನ ಮೇಜಿನ ಮೇಲೆ
ರಾಜ್ಯದ ಬಜೆಟ್ಟು ಬಂದು ಕೂತಿದೆ.
ಎಂಟುನೂರು ಪುಟ, ಮೂರು ದಿನ.

ಜನ ಮತ ಹಾಕಿ ಮಾಡಿಕೊಂಡ ಕಾನೂನು:
ಊರಿಗೆ ತೋರಿಸದೆ ಒಂದು ಡಾಲರೂ ಮುಟ್ಟಕೂಡದು,
ಲೆಕ್ಕ ಎರಡು ವರ್ಷದ್ದಿರಬೇಕು,
ಹೊಸದೇನು ಕೊಟ್ಟರೂ ಯಾರಿಂದ ಕಿತ್ತು ತಂದೆವೆಂದು
ಪಕ್ಕದಲ್ಲೇ ಬರೆಯಬೇಕು.

ಮೊದಲ ದಿನ ಇಬ್ಬರು ಬಂದರು.
ಒಬ್ಬ, ಶೌಚಾಲಯ ಎಲ್ಲಿ ಎಂದು ಕೇಳಿದ.
ಇನ್ನೊಬ್ಬಳು ಅರಾಕ್ಸಿ ತೊಪಾಲಿಯನ್,
ನಲವತ್ತು ವರ್ಷ ಹೊಲಿಗೆಯವಳು,
ಅಂಗಡಿ ಮುಚ್ಚಿದರೂ ಕೊರಳಲ್ಲಿ ಅಳತೆಪಟ್ಟಿ.

ಆ ಹಿಂದಿನ ಬೇಸಿಗೆ ನನಗೂ ನೆನಪಿದೆ.
ಬಜೆಟ್ಟು ಎಂಬತ್ತು ದಿನ ತಡವಾಗಿ
ಸಂಬಳದ ಬದಲು ಚೀಟಿ ಬಂತು: ಆಮೇಲೆ ಕೊಡುತ್ತೇವೆ.
ದಿನಸಿಯ ಸಿಲ್ವೇರಾ ನನ್ನ ಚೀಟಿಯನ್ನು
ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ,
"ಆಮೇಲೆ ಅಂದರೆ ಯಾವ ತಾರೀಖು?" ಅಂದ.
ಹಾಲಿನ ಡಬ್ಬಿ ಮಾತ್ರ ಕೊಟ್ಟು ಕಳಿಸಿದ.

ಆಗಲೇ ಅರಾಕ್ಸಿ ಸಹಿ ಕೇಳುತ್ತ ಹೊರಟದ್ದು,
ಲಾಂಡ್ರಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ,
ಟೊಮ್ಯಾಟೊ ಲಾರಿಗಳು ನಿಲ್ಲುವ ಕಡೆ.
ನಿನಗ್ಯಾಕೆ ಈ ಉಸಾಬರಿ ಎಂದಿದ್ದೆ.
"ಮಗೂಗೆ ಅಂಗಿ ಹೊಲಿಯೋವಾಗ
ಒಳಗೆ ಎರಡಿಂಚು ಮಡಚಿ ಬಿಡ್ತೀನಿ.
ಯಾರಿಗೂ ಕಾಣಲ್ಲ. ಬೆಳೆದಾಗ ಬಿಚ್ಚಬಹುದು.
ಇವರೋ, ಅಂಚಿನವರೆಗೂ ಕತ್ತರಿ ಆಡಿಸ್ತಾರೆ."

ಎರಡನೇ ದಿನ, ಮಧ್ಯಾಹ್ನ,
ಪುಟ ಐನೂರ ಹದಿನಾಲ್ಕರಲ್ಲಿ ಬೆರಳು ನಿಂತಿತು.
ಹೊಸದು: ಶಾಲಾ ಮಕ್ಕಳ ಹಲ್ಲಿನ ಚಿಕಿತ್ಸೆ.
ಹಣದ ಮೂಲ: ಹಳ್ಳಿ ರೋಗಿಗಳ ವ್ಯಾನು,
ನಾಲ್ಕಿದ್ದದ್ದು ಮೂರು.

ನಾಲ್ಕನೆಯದರಲ್ಲಿ ಅವಳ ತಮ್ಮ ಹಾಗೊಪ್
ಮಂಗಳವಾರ, ಗುರುವಾರ, ಶನಿವಾರ
ರಕ್ತ ತೊಳೆಸಿಕೊಳ್ಳಲು ಹೋಗುತ್ತಾನೆ.

ಕೊಟ್ಟದ್ದೂ ಕಿತ್ತದ್ದೂ ಒಂದೇ ಸಾಲಿನಲ್ಲಿ,
ಶುದ್ಧ ಅಕ್ಷರದಲ್ಲಿ.
ಅವಳು ಕೇಳಿದ್ದು ಅದನ್ನೇ.

ನಾನು ನೀರು ತಂದಿಟ್ಟೆ. ಕುಡಿಯಲಿಲ್ಲ.
ಮಕ್ಕಳ ಹಲ್ಲು ಬೇಡ ಅನ್ನಲು ಬಾಯಿ ಬರುತ್ತದೆಯೇ?
ಪುಟದ ನಕಲಿಗೆ ಹತ್ತು ಸೆಂಟು ಎಣಿಸಿಟ್ಟು
ಮನೆಗೆ ಹೋದಳು.

ಮೂರನೇ ದಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲಲ್ಲಿದ್ದಳು.
ಅಹವಾಲಿನ ಫೋನು, ಒಬ್ಬರಿಗೆ ಒಂದು ನಿಮಿಷ.
"ಪುಟ ಮೂವತ್ತೊಂದು ನೋಡಿ," ಅಂದಳು,
"ಕಷ್ಟಕಾಲಕ್ಕೆಂದು ಕಾದಿಟ್ಟ ನಿಧಿ.
ಅದನ್ನು ಒಳಗೆ ಮಡಚಿಸಿದವರು ನಾವೇ.
ಒಂದು ವ್ಯಾನಿನಷ್ಟು ಹೊಲಿಗೆ ಬಿಚ್ಚಿ.
ದಾರ ಜೋಪಾನ, ಮತ್ತೆ ಹೊಲಿಯಬೇಕು."

ಆ ಕಡೆಯ ದನಿ ಧನ್ಯವಾದ ಹೇಳಿ
ಮುಂದಿನವರನ್ನು ಕರೆಯಿತು.

ಅರಾಕ್ಸಿ ಫೋನಿಟ್ಟು, ಕನ್ನಡಕ ಒರೆಸಿ,
ಐನೂರ ಹದಿನೈದನ್ನು ತಿರುವಿದಳು.
ಗಡಿಯಾರದಲ್ಲಿ ಒಂಬತ್ತೂಕಾಲು.
ಸಂಜೆ ಆರಕ್ಕೆ ನಾನು ಬೀಗ ಹಾಕಬೇಕು.