ಇನ್ನೂ ಮೀನು ಬಿಟ್ಟಿಲ್ಲ

ನಾಲ್ಕು ಅಡಿ ಗಾಜು, ಒಳಗೆ ನೀರು,
ನೀರೊಳಗೆ ಮರಳು, ತೂತುಬಿದ್ದ ಕಲ್ಲು, ಮೇಲೊಂದು ಬೆಳಕು.
ಇವತ್ತಿಗೆ ಹತ್ತೊಂಬತ್ತು ದಿನ.
ಮೇಲಿನ ಮನೆಯ ಕಸ್ತೂರಿಬಾಯಿ ಇಣುಕುತ್ತಾರೆ:
"ಮೀನ ಎಲ್ಲಿ ಅವ್ರೀ ಸಿಸ್ಟರ್?"
"ಬರ್ತಾವ್ರಿ."
"ಮತ್ತ ಬರೇ ನೀರಿಗೇ ಲೈಟ್ ಹಾಕೀರಿ?"
"ಹೂಂ ರೀ. ನೀರಿಗೇ."

ಬ್ರಹ್ಮಪುರದ ಈ ಓಣಿಯಿಂದ ಕಡಲು
ಯಾವ ದಿಕ್ಕಿಗೆ ಹೋದರೂ ಒಂದು ರಾತ್ರಿಯ ರೈಲು.
ನಮ್ಮ ನಳದ ನೀರು ಗಡಸು,
ಕೊಡದೊಳಗೆ ಬಿಳಿ ಗೆರೆ ಬರೆದು ಹೋಗುತ್ತದೆ.
ಅದಕ್ಕೇ ಶುದ್ಧೀಕರಿಸಿದ ನೀರು ಹೊತ್ತು ತಂದು
ಬಕೆಟ್ಟಿನ ಉಪ್ಪು ಕಲಸಿದೆ, ಇಡೀ ರಾತ್ರಿ ತಿರುಗಲು ಬಿಟ್ಟೆ.
ಅಳೆಯುವ ಕೊಳವೆ ಇದ್ದರೂ, ಸುಮ್ಮನೆ,
ಬೆರಳದ್ದಿ ರುಚಿ ನೋಡಿದೆ.
ಕಡಲನ್ನೇ ಕಾಣದ ನಾಲಿಗೆ
ಹೌದು ಎಂದಿತು.

ನನ್ನ ಕೆಲಸ ಡಯಾಲಿಸಿಸ್ ವಾರ್ಡಿನಲ್ಲಿ.
ಒಬ್ಬರ ರಕ್ತ ಹೊರಬಂದು, ತೊಳೆದುಕೊಂಡು,
ಮತ್ತೆ ಒಳಹೋಗುವ ನಾಲ್ಕು ತಾಸು ಕಾಯುವವಳು.
ಬೇಗ ಎಳೆದರೆ ಬಿ.ಪಿ. ಕುಸಿಯುತ್ತದೆ, ಮೀನಖಂಡ ಸೆಟೆಯುತ್ತದೆ.
"ಜಲ್ದಿ ಮುಗಸ್ರಿ ಅಕ್ಕಾ, ಆಳಂದ ಬಸ್ ಹೋಗ್ತದ"
ಎನ್ನುವ ಮಹಾಂತಪ್ಪನಿಗೆ ವಾರಕ್ಕೆ ಮೂರು ಸಲ ನಾನು ಹೇಳುವುದನ್ನೇ
ನೋಟು ಹಿಡಿದು ನಿಂತ ನನಗೆ
ಮಕ್ಸೂದ್ ಭಾಯಿ ಹೇಳಿ ಗಲ್ಲಾ ಮುಚ್ಚಿದ್ದರು:
"ಗಡಬಡಿ ಬ್ಯಾಡ್ರಿ. ನೀರು ಇನ್ನಾ ಹಸೀ ಅದ,
ಬಾಣಂತಿ ಇದ್ದಂಗ."

ಒಂದು ಚೂರು ಸೀಗಡಿ ಕೊಳೆಯಲು ಬಿಟ್ಟೆ.
ಪ್ರನಾಳದ ಹಳದಿ ಹಸಿರಾಯಿತು, ಹಸಿರು ಕಪ್ಪಾಗುತ್ತ ಬಂತು.
ಆ ವಿಷವನ್ನೇ ಉಂಡು ಬದುಕಲು ಬಲ್ಲ,
ಕಣ್ಣಿಗೆ ಬೀಳದ ಮಂದಿ ಯಾರೋ
ಕಲ್ಲಿನ ತೂತುಗಳಲ್ಲಿ ಬಿಡಾರ ಹೂಡಿ
ಮಕ್ಕಳು ಮರಿ ಎಂದು ಹೆಚ್ಚುವವರೆಗೆ
ನಾನು ಮಾಡಬೇಕಾದದ್ದು ಏನೂ ಇಲ್ಲ.
ಏನೂ ಮಾಡದಿರುವುದಕ್ಕೆ ಎಷ್ಟು ಕೈ ಬೇಕು!

ನಲವತ್ಮೂರು ಡಿಗ್ರಿಯ ಮಧ್ಯಾಹ್ನ ಕರೆಂಟು ಹೋಯಿತು.
ಬರ್ಫಾದ ಬಾಟಲಿ ತೇಲಿಬಿಟ್ಟು,
ಶಹಾಬಾದ್ ಕಲ್ಲಿನ ನೆಲದಲ್ಲಿ ಕೂತು
ಖಾಲಿ ನೀರಿಗೆ ಬೀಸಣಿಗೆ ಬೀಸಿದೆ.
ಯಾರೂ ನೋಡಲಿಲ್ಲ, ಪುಣ್ಯ.

ಮೂವತ್ತೆಂಟನೆಯ ದಿನ ಪ್ರನಾಳ ಹಳದಿಯಲ್ಲೇ ನಿಂತಿತು.
ಅಂಗಡಿಗೆ ಓಡಿದೆ. "ಆ ನೀಲಿ ಮೀನು?"
ಮಕ್ಸೂದ್ ಭಾಯಿ ತಮ್ಮ ಮೊಣಕೈ ಮುಟ್ಟಿ ತೋರಿಸಿದರು:
"ಇಷ್ಟುದ್ದ ಆಗ್ತದ. ನಿಮ್ಮ ಡಬ್ಬಿಯೊಳಗ
ಅದು ಈಸೋದೆಷ್ಟು, ಹೊಳ್ಳೋದೆಷ್ಟು?"
ಮಾರಲೊಲ್ಲೆ ಎನ್ನುವ ಅಂಗಡಿಯವನನ್ನು
ಕಂಡದ್ದು ಅದೇ ಮೊದಲು.
ಚೀಲದಲ್ಲಿ ಐದು ಬಸವನಹುಳು ಕಟ್ಟಿಕೊಟ್ಟರು.
"ಇವು ಇರಲಿ. ಮುಂದಿನ ತಿಂಗಳು ನೋಡೂಣು."

ಹಳೆಯ ಡ್ರಿಪ್ ಸೆಟ್ಟಿನ ಗಾಲಿ ತಿರುಗಿಸಿ
ಹನಿ ಹನಿಯಾಗಿ ನನ್ನ ನೀರನ್ನು ಅವಕ್ಕೆ ಪರಿಚಯಿಸಿದೆ.
ಹನಿ ಎಣಿಸುವುದು ರೂಢಿ.

ಸಂಜೆ ಕಸ್ತೂರಿಬಾಯಿ ಬಂದರು,
ಬಗ್ಗಿದರು, ಕನ್ನಡಕ ಏರಿಸಿದರು.
ಒಂದು ಹುಳು ಗಾಜಿನ ಈ ತುದಿಯಿಂದ
ಆ ತುದಿಗೆ ಹೊರಟಿತ್ತು.
"ಎಷ್ಟ ಸಾವಕಾಶ ಹೊಂಟದ ನೋಡ್ರಿ"
ಎನ್ನುತ್ತ ಸ್ಟೂಲು ಎಳೆದು ಕೂತರು.

ಮೇಲಿಂದ ಹಾಲು ಸೀದ ವಾಸನೆ.
ಹುಳು ಇನ್ನೂ ಅರ್ಧ ದಾರಿ.
ಅವರು ಏಳಲಿಲ್ಲ.