ಏಳನೇ ಕಾಲಂ

ಕಾಲಂ ಅಂದ್ರ ನನಗ ಗೊತ್ತಿದ್ದದ್ದು ಒಂದ:
ನಾಕು ಮೂಲಿಗೆ ನಾಕು ಸಳಿ, ನಡುವ ನಾಕು,
ಗೇಣಿಗೊಂದು ರಿಂಗು, ತೂಗುಗುಂಡು ಬಿಟ್ಟು ನೋಡಿ
ನೆಟ್ಟಗ ನಿಂತದ ಅಂದಮ್ಯಾಲ ಮಾಲು.
ಈ ಅರ್ಜ್ಯಾಗೂ ಕಾಲಂ ಅದಾವ, ಒಂಬತ್ತು.
ಏಳನೇದು ಖಾಲಿ ಉಳದದ:
"ಅನುಭವದಿಂದ ಕಲಿತದ್ದು. ಪುರಾವೆ ಲಗತ್ತಿಸಿ."

ಪುರಾವೆ.
ವಾಕಡದಾಗ ಹನ್ನೊಂದು ಮಾಳಗಿ ನಿಂತದ, ಲಗತ್ತಿಸಲೇನ್ರಿ?
ಗೇಟಿನಾಗ ವಾಚಮನ್ ಕೇಳ್ತಾನ, ಯಾರ ಮನ್ಯಾಗ ಕೆಲಸ?
ಎಲ್ಲಾರ ಮನ್ಯಾಗೂ ಅಂತೀನಿ. ಒಳಗ ಬಿಡಂಗಿಲ್ಲ.

ಮುಕಾದಮ ಧೂಳಪ್ಪ ಒಂದು ಚೀಟಿ ಬರದು ಕೊಟ್ಟ,
ಹಾಜರಿ ಪುಸ್ತಕದಿಂದ ಹರದ ಹಾಳಿ:
"ಹುಲಿಗೆವ್ವ ದುರ್ಗಪ್ಪ, ಇಪ್ಪತ್ತೆರಡು ವರ್ಷ, ಚಲೋ ಕೆಲಸ."
ಮೊದಲಿನ ಹದಿನಾಕು ವರ್ಷ ಆ ಪುಸ್ತಕದಾಗ ನನ್ನ ಹೆಸರ ಇಲ್ಲ.
ಬಾಯಿ ೧, ಬಾಯಿ ೨ ಅಂತ ಬರೀತಿದ್ರು,
ನಾನು ಬಾಯಿ ೩.
ಮರಾಠ್ಯಾಗ ಬಾಯಿ ಅಂದ್ರ ಹೆಂಗಸು.
ನಮ್ಮ ಮಾತಿನಾಗಿನ ಬಾಯಿ ಬ್ಯಾರೆ,
ಅದು ಆಗ ನನಗಿರಲಿಲ್ಲ.

ಶಿವಾಜಿನಗರದ ಆಫೀಸಿನಾಗ ಮೂರು ಮಂದಿ.
ಫ್ಯಾನಿನ ಗಾಳಿಗೆ ನನ್ನ ಹಾಳಿ ಹಾರಬಾರದಂತ
ಮ್ಯಾಡಮ್ ಅದರ ಮ್ಯಾಲ ತನ್ನ ಚಷ್ಮಾ ಇಟ್ಟಳು.
ಸಾಂಗಾ ತಾಈ, ಮಾಲು ಹದ ಆಗ್ಯದ ಅಂತ ಹ್ಯಾಂಗ ತಿಳೀತದ?
ಮುಷ್ಟಿ ಬಿಗಿದು, ತಗದು ತೋರಿಸಿದೆ.
ಕೈಯಾಗ ಬರೇ ಗಾಳಿ. ಆದರೂ ಮೂವರೂ
ಬಗ್ಗಿ ನೋಡಿದ್ರು.
ಒಬ್ಬಾತ ಬರಕೊಂಡ. ಏನು ಬರಕೊಂಡನೋ.

ತಪ್ಪು ಯಾವಾಗರೆ ಆಗ್ಯದೇನು? ಅಂದಳು ಮ್ಯಾಡಮ್.
ಆಗ ಹೇಳಬೇಕಿತ್ತು. ಹೇಳಲಿಲ್ಲ.

ಇಲ್ಲಿ ಹೇಳ್ತೀನಿ.
ಉಂಡ್ರಿ ಸೈಟು, ಪಾಯಾದ ಕಂದಕ, ಹದಿನಾಕು ಫೂಟು.
ಎರಡು ದಿನ ಹೊಡದು ಮಳಿ ಬಿಟ್ಟಿತ್ತು.
ಮಗ್ಗಲಿನ ಮಣ್ಣು, ಚೀಲದ ತೂತಿನಿಂದ ಸಕ್ಕರಿ ಸೋರಿದಂಗ,
ಸಣ್ಣಗ, ಸುಮ್ಮನ, ಉದರಾಕ ಹತ್ತಿತ್ತು.
ಸಾಹೇಬ್ರ, ಇದು ಬೀಳ್ತದ, ಮಂದೀನ ಮ್ಯಾಲ ಕರೀರಿ ಅಂದೆ.
ಇಂಜಿನಿಯರ ಎಳೇ ಹುಡುಗ, ಈಗ ಮೀಸಿ ಮೂಡಿದಾತ,
ಯಾತರ ಮ್ಯಾಲಿಂದ ಹೇಳ್ತಿ? ಅಂದ.
ಕೆಟ್ಟಾತ ಅಲ್ಲ. ಖರೇನ ಕೇಳಿದ.
ನನ್ನ ಹತ್ರ ಇದ್ದದ್ದು "ಹಂಗ ಅನಸ್ತದ" ಅನ್ನೂದೊಂದ.
ಹಂಗ ಅನಸೂದನ್ನ ಯಾರು ಬರಕೋತಾರ?
ಊಟದ ಹೊತ್ತಿಗೆ ಬಂತು ಕೆಳಗ.
ಮೊದಲ ಯಂಕೋಬನ ಬುಟ್ಟಿ ಸಿಕ್ಕಿತು.
ಸಂಜಿಗೆ ಯಂಕೋಬ.

ಮೂರು ವಾರಕ್ಕ ಪತ್ರ ಬಂತು.
ನಲವತ್ತು ಕ್ರೆಡಿಟಿನಾಗ ಹದಿನಾರು ಮಾಫಿ.
ಸಳಿ ಕಟ್ಟೂದು, ಹಲಗಿ ಬಡಿಯೂದು, ಮಾಲು, ಅಳತಿ: ಪಾಸು.
ಮಣ್ಣು ಮಾತ್ರ ಇಲ್ಲ. ಮಣ್ಣು ನಾ ಕೂತು ಓದಬೇಕಂತ.
ಗಲ್ಲಿ ಮಂದಿಯೆಲ್ಲಾ ನಕ್ಕರು, ನಾನೂ ನಕ್ಕೆ:
ಕೆರಿ ಬಾಂವಿ ತೋಡಿದವರ ಮಗಳಿಗೆ
ಮಣ್ಣು ಕಲಸ್ತಾರಂತ!

ರವಿವಾರಕ್ಕೊಮ್ಮೆ ಹೋಗ್ತೀನಿ.
ಮಗ್ಗಲಿನ ಬಾಕಿನಾಗ ಕಾತ್ರಜದ ಒಬ್ಬ ಪ್ಲಂಬರ,
ಅವ ಬೋರ್ಡಿನ ಫೋಟೋ ತಗೀತಾನ.
ನಾನು ಮರಾಠಿ ಕೇಳಿ ಕನ್ನಡದಾಗ ಬರಕೋತೀನಿ.
ಹೋದ ವಾರ ಸರ್ ಒಂದು ಉಸುಕಿನ ಗುಡ್ಡಿ ಬಿಡಿಸಿದ್ರು,
ಇಳಿಜಾರಿನ ಬುಡಕ್ಕ ಒಂದು ಕಮಾನು ಗೆರಿ.
ಎಷ್ಟು ಇಳಿಜಾರಿನ ತನಕ ಮಣ್ಣು ತಾನ ನಿಲ್ತದ,
ಎಲ್ಲಿಂದಾಚೆ ನಿಲ್ಲಂಗಿಲ್ಲ,
ಆ ಗಡಿಗೊಂದು ಹೆಸರದ ಅಂದ್ರು.
ವಿಶ್ರಾಂತಿ ಕೋನ.

ಇಷ್ಟ ಇತ್ತೇನು?
ಎರಡು ಶಬ್ದ?
ಅವತ್ತು ಕಂದಕದ ದಂಡಿಗೆ ನಿಂತು
ಸಾಹೇಬ್ರ, ವಿಶ್ರಾಂತಿ ಕೋನ ಮೀರ್ಯದ ಅಂದಿದ್ರ
ಆ ಹುಡುಗ ಪೆನ್ನರೆ ತಗೀತಿದ್ದ.

ಯಾಕ ತಾಈ, ಬರಿಯೂದು ಬಿಟ್ಟಿ? ಅಂದ ಪ್ಲಂಬರ.
ಈ ಶಬ್ದ ಒಮ್ಮೆ ಜೋರಾಗಿ ಹೇಳು ಅಂದೆ.
ಅವ ಹೇಳಿದ.
ಬಾಯಿ ೩ನೂ ಹೇಳಿದಳು, ನಾಲಿಗಿ ತಡವರಿಸಿ, ಎರಡು ಸಲ.

ಪರೀಕ್ಷಾ ಮೇ ತಿಂಗಳದಾಗ ಅಂತ.
ನಾಳೆ ಸೂಸ ರೋಡಿನ ಸೈಟಿನಾಗ ಪಾಯಾ ತಗೀತಾರ,
ಹನ್ನೆರಡು ಫೂಟು.